ಸ್ಟಾರ್ ವಾರ್ಸ್ ಚಿತ್ರಗಳು: ಒಬ್ಬ ಮೇಷ್ಟ್ರ ಅಂಕಪಟ್ಟಿ

ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಬೋಧಿಸಿ ನಿವೃತ್ತನಾದವನಿಗೆ ಅಂಕ ಹಾಕುವ ಅಭ್ಯಾಸ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಮದುವೆ ಮನೆಯ ಊಟವಾಗಲಿ, ನೆಂಟರ ಮನೆಯ ಮಕ್ಕಳ ಸಂಗೀತವಾಗಲಿ, ಮನಸ್ಸು ತನ್ನಷ್ಟಕ್ಕೆ ತಾನೇ ನೂರಕ್ಕೆ ಇಷ್ಟು ಎಂದು ಬರೆದುಕೊಂಡುಬಿಡುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಬಂದಿದ್ದ ಮೊಮ್ಮಗ ಒಂದು ರಾತ್ರಿ ಊಟವಾದ ಮೇಲೆ, "ತಾತ, ಸ್ಟಾರ್ ವಾರ್ಸ್ ಸಿನಿಮಾಗಳಲ್ಲಿ ನಿಮಗೆ ಯಾವುದು ಫಸ್ಟ್, ಯಾವುದು ಲಾಸ್ಟ್? ಎಲ್ಲದಕ್ಕೂ ರ‍್ಯಾಂಕ್ ಕೊಡಿ" ಎಂದು ಕಾಗದ, ಪೆನ್ನು ತಂದು ಮುಂದಿಟ್ಟ. ನಾನು ಬರೆದುಕೊಟ್ಟ ಪಟ್ಟಿಯನ್ನು ನೋಡಿ ನಕ್ಕುಬಿಟ್ಟ. "ಇದನ್ನ ಯಾರೂ ಫಸ್ಟ್ ಇಡೋದಿಲ್ಲ ತಾತ" ಎಂದ.

ಅವನ ಮಾತು ಬಹುಮಟ್ಟಿಗೆ ನಿಜ. ಆದರೆ ನನ್ನ ಪಟ್ಟಿಗೊಂದು ಕಾರಣವಿದೆ. ಹತ್ತು ವರ್ಷದ ಹುಡುಗನಿಗೆ ಆ ರಾತ್ರಿ ಅದನ್ನು ವಿವರಿಸಲಾಗಲಿಲ್ಲ. ಅವನು ದೊಡ್ಡವನಾದ ಮೇಲೆ ಓದಿಕೊಳ್ಳಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಓದುಗ ಬಂಧುಗಳೂ ಸ್ವಲ್ಪ ತಾಳ್ಮೆಯಿಂದ ಕೊನೆಯವರೆಗೆ ಬರಬೇಕೆಂದು ಪ್ರಾರ್ಥನೆ.

ನಾನು ಬಿ.ಎಡ್. ಓದುತ್ತಿದ್ದ ಕಾಲಕ್ಕೆ ಊರೂರುಗಳಲ್ಲಿ ವಿ.ಸಿ.ಆರ್. ಬಾಡಿಗೆಗೆ ಸಿಗುತ್ತಿತ್ತು. ನಾಲ್ಕೈದು ಮಂದಿ ಸಹಪಾಠಿಗಳು ಹಣ ಕೂಡಿಸಿ ಟಿ.ವಿ. ಸಮೇತ ಒಂದು ರಾತ್ರಿಯ ಮಟ್ಟಿಗೆ ತರುತ್ತಿದ್ದೆವು. ಬೆಳಗಾಗುವುದರೊಳಗೆ ಮೂರು ಸಿನಿಮಾ ನೋಡಿ ಮುಗಿಸದಿದ್ದರೆ ಕೊಟ್ಟ ಹಣ ದಂಡ ಎಂಬ ಲೆಕ್ಕ. ಅಂಥದೊಂದು ರಾತ್ರಿ, ಗೆರೆಗೆರೆ ಬೀಳುತ್ತಿದ್ದ ಕ್ಯಾಸೆಟ್ಟುಗಳಲ್ಲಿ, ಅರ್ಧಂಬರ್ಧ ಅರ್ಥವಾಗುತ್ತಿದ್ದ ಇಂಗ್ಲಿಷಿನಲ್ಲಿ, ಈ ಸರಣಿಯ ಮೊದಲ ಮೂರು ಚಿತ್ರಗಳನ್ನು ಒಟ್ಟಿಗೆ ನೋಡಿದೆ. ಮುಂದೆ ಹಳ್ಳಿಯೊಂದರ ಪ್ರೌಢಶಾಲೆಗೆ ನೇಮಕವಾದಾಗ, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅದೇ ಕಥೆಯನ್ನು ವಾರಕ್ಕಿಷ್ಟಿಷ್ಟು ಹೇಳತೊಡಗಿದೆ. ಅದರಿಂದಲೇ ಈ ಬರಹದ ಕೊನೆಯ ಭಾಗ ಹುಟ್ಟಿತು.

ಕಥೆಯ ಹಿಂದಿನ ಚರಿತ್ರೆ

ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ 1944ರಲ್ಲಿ ಜನಿಸಿದ ಜಾರ್ಜ್ ಲ್ಯೂಕಸ್ ಈ ಸರಣಿಯ ಜನಕ. ಬಾಲ್ಯದಲ್ಲಿ ಮೆಚ್ಚಿದ್ದ 'ಫ್ಲ್ಯಾಶ್ ಗಾರ್ಡನ್' ಎಂಬ ಬಾಹ್ಯಾಕಾಶ ಸಾಹಸಕಥೆಯನ್ನು ಚಿತ್ರ ಮಾಡಬೇಕೆಂದು ಹೊರಟ ಅವರಿಗೆ ಅದರ ಹಕ್ಕು ದೊರೆಯಲಿಲ್ಲ. ಹಾಗಾದರೆ ನನ್ನದೇ ಒಂದು ಕಥೆ ಇರಲಿ ಎಂದು ಬರೆಯಲು ಕುಳಿತರು. ಜೋಸೆಫ್ ಕ್ಯಾಂಪ್‌ಬೆಲ್ ಎಂಬ ವಿದ್ವಾಂಸರು ಲೋಕದ ಪುರಾಣಗಳನ್ನೆಲ್ಲ ಜಾಲಾಡಿ 1949ರಲ್ಲಿ ಪ್ರಕಟಿಸಿದ, ವೀರನ ಪಯಣವನ್ನು ಕುರಿತ ಗ್ರಂಥವೂ, ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಅವರ 'ದ ಹಿಡನ್ ಫೋರ್ಟ್ರೆಸ್' ಎಂಬ 1958ರ ಚಿತ್ರವೂ ಅವರಿಗೆ ದಾರಿ ತೋರಿದವು. ಕುರೊಸಾವಾ ಅವರ ಆ ಚಿತ್ರದಲ್ಲಿ ಸದಾ ಜಗಳವಾಡುವ ಇಬ್ಬರು ಬಡ ರೈತರ ಕಣ್ಣಿನಿಂದ ಒಬ್ಬ ರಾಜಕುಮಾರಿಯ ಕಥೆ ಸಾಗುತ್ತದೆ. ಲ್ಯೂಕಸ್ ಆ ರೈತರ ಜಾಗದಲ್ಲಿ ಎರಡು ಯಂತ್ರಮಾನವರನ್ನು ನಿಲ್ಲಿಸಿದರು.

ನಮ್ಮ ಏಕಲವ್ಯನಂತೆ ದೂರದಿಂದಲೇ ವಿದ್ಯೆ ಕಲಿತ ಈ ಶಿಷ್ಯ ಗುರುದಕ್ಷಿಣೆಯನ್ನೂ ಸಲ್ಲಿಸಿದ್ದು ಚರಿತ್ರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕುರೊಸಾವಾ ಅವರಿಗೆ ತಮ್ಮ ದೇಶದಲ್ಲೇ ಬಂಡವಾಳ ಸಾಲದೆ ಹೋದಾಗ, ಲ್ಯೂಕಸ್ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಇಬ್ಬರೂ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಮನವೊಲಿಸಿ ಹಣ ಕೊಡಿಸಿದರು. ಹಾಗೆ ಪೂರ್ಣಗೊಂಡ 'ಕಾಗೆಮುಶಾ' 1980ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಹೆಬ್ಬೆರಳು ಕೇಳದ ಗುರು, ಕೇಳದೆಯೇ ಕೊಟ್ಟ ಶಿಷ್ಯ.

ಅರಿಯದವರಿಗಾಗಿ ಕಥೆಯ ಎಳೆ ಇಷ್ಟು. ಅನಾಕಿನ್ ಸ್ಕೈವಾಕರ್ ಎಂಬ ಗುಲಾಮ ಬಾಲಕ ಜೆಡೈ ಎಂಬ ಯೋಧ ಸನ್ಯಾಸಿಗಳ ಪಂಥಕ್ಕೆ ಸೇರಿ, ಒಬಿ-ವಾನ್ ಕೆನೋಬಿ ಎಂಬ ಗುರುವಿನ ಬಳಿ ಕಲಿತು, ಕೊನೆಗೆ ದುಷ್ಟ ಚಕ್ರವರ್ತಿಯ ಪಕ್ಷ ಸೇರಿ ಡಾರ್ತ್ ವೇಡರ್ ಎಂಬ ಕಪ್ಪು ಮುಖವಾಡದ ಕ್ರೂರಿಯಾಗುತ್ತಾನೆ. ಅವನಿಗೇ ತಿಳಿಯದಂತೆ ಬೆಳೆದ ಮಗ ಲ್ಯೂಕ್, ಅದೇ ಗುರುವಿನ ಬಳಿಯೂ ಯೋಡಾ ಎಂಬ ಮೊಣಕಾಲೆತ್ತರದ ವೃದ್ಧ ಗುರುವಿನ ಬಳಿಯೂ ಕಲಿತು ತಂದೆಗೆ ಎದುರಾಗುತ್ತಾನೆ. ಮಗನ ಕಥೆ ಮೊದಲು, 1977, 1980 ಮತ್ತು 1983ರಲ್ಲಿ ಬಂತು. ತಂದೆಯ ಪೂರ್ವಕಥೆ ಆಮೇಲೆ, 1999, 2002 ಮತ್ತು 2005ರಲ್ಲಿ ಬಂತು. 2012ರಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಸ್ ಅವರ ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡ ಮೇಲೆ, 2015ರಿಂದ 2019ರವರೆಗೆ ಮೊಮ್ಮಗನ ಕಾಲದ ಮೂರು ಚಿತ್ರಗಳೂ ಎರಡು ಉಪಕಥೆಗಳೂ ಬಂದವು. ಒಟ್ಟು ಹನ್ನೊಂದು. 2008ರ ಅನಿಮೇಷನ್ ಚಿತ್ರವನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ನನ್ನ ಮಾನದಂಡವನ್ನೂ ಹೇಳಿಬಿಡುತ್ತೇನೆ. ಯುದ್ಧದ ಅಬ್ಬರಕ್ಕೆ, ತಾಂತ್ರಿಕ ಚಮತ್ಕಾರಕ್ಕೆ ನನ್ನಲ್ಲಿ ಅಂಕ ಕಡಿಮೆ. ಇಡೀ ಸರಣಿಯನ್ನು ನಾನು ಗುರುಗಳ ಮತ್ತು ಶಿಷ್ಯರ ಕಥೆಯಾಗಿ ನೋಡುತ್ತೇನೆ. ಕಲಿಸುವವನ ಸೋಲನ್ನು ಯಾವ ಚಿತ್ರ ಎಷ್ಟು ಪ್ರಾಮಾಣಿಕವಾಗಿ ತೋರಿಸಿದೆ ಎಂಬುದೇ ನನ್ನ ಪ್ರಶ್ನೆಪತ್ರಿಕೆಯ ಮುಖ್ಯ ಪ್ರಶ್ನೆ.

ಕೊನೆಯ ಬೆಂಚಿನವರು: ಹನ್ನೊಂದರಿಂದ ಏಳು

ಹನ್ನೊಂದನೆಯ ಸ್ಥಾನ 'ದ ರೈಸ್ ಆಫ್ ಸ್ಕೈವಾಕರ್' ಚಿತ್ರಕ್ಕೆ. 2019ರಲ್ಲಿ ಬಂದ ಇದು ಎಲ್ಲರನ್ನೂ ಸಮಾಧಾನಪಡಿಸಲು ಹೋಗಿ, ಎಂದೋ ಸತ್ತ ಚಕ್ರವರ್ತಿಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು. ಹಿಂದಿನವರ ತ್ಯಾಗಕ್ಕೆ ಅರ್ಥವೇ ಉಳಿಯಲಿಲ್ಲ. 2016ರ ಡಿಸೆಂಬರಿನಲ್ಲಿ ತೀರಿಕೊಂಡ ನಟಿ ಕ್ಯಾರಿ ಫಿಶರ್ ಅವರನ್ನು, ಹಿಂದೆ ಚಿತ್ರೀಕರಿಸಿ ಬಳಸದೆ ಉಳಿದಿದ್ದ ತುಣುಕುಗಳಿಂದ ತೆರೆಗೆ ತಂದ ಭಾಗ ಮಾತ್ರ ಮನಸ್ಸನ್ನು ಕಲಕುತ್ತದೆ.

ಹತ್ತನೆಯದು 2002ರ 'ಅಟ್ಯಾಕ್ ಆಫ್ ದ ಕ್ಲೋನ್ಸ್'. ಫಿಲ್ಮ್ ಸುರುಳಿಯನ್ನು ಬಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿಸಿದ ಮೊದಮೊದಲ ಬೃಹತ್ ಚಿತ್ರಗಳಲ್ಲಿ ಒಂದೆಂಬ ಚಾರಿತ್ರಿಕ ಮಹತ್ವ ಇದಕ್ಕಿದೆ. ಆದರೆ ಇದರ ಪ್ರೇಮ ಸಂಭಾಷಣೆಗಳನ್ನು ಕೇಳುವಾಗ ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಮಾತು ಬಾಯಿಪಾಠ ಮಾಡಿ ಒಪ್ಪಿಸುವ ಮಕ್ಕಳು ನೆನಪಾಗುತ್ತಾರೆ. ಒಂಬತ್ತನೆಯದು 'ಸೋಲೋ'. ಚಿತ್ರೀಕರಣದ ನಡುವೆಯೇ ನಿರ್ದೇಶಕರು ಬದಲಾಗಿ, ರಾನ್ ಹೋವರ್ಡ್ ಅವರು ಪೂರ್ತಿಗೊಳಿಸಿದ 2018ರ ಚಿತ್ರ ಇದು. ನೋಡುವಾಗ ಬೇಸರವಿಲ್ಲ, ನೋಡಿದ ಮೇಲೆ ನೆನಪಿಲ್ಲ.

ಎಂಟನೆಯ ಸ್ಥಾನದ 'ದ ಫ್ಯಾಂಟಮ್ ಮೆನೇಸ್' ಬಗ್ಗೆ ಎರಡು ಮಾತು ಹೇಳಬೇಕು. 1999ರಲ್ಲಿ, ಹದಿನಾರು ವರ್ಷಗಳ ನಿರೀಕ್ಷೆಯ ನಂತರ ಬಂದ ಈ ಚಿತ್ರ ಅಭಿಮಾನಿಗಳಿಗೆ ನಿರಾಸೆ ತಂದಿತು. ವ್ಯಾಪಾರ ಒಪ್ಪಂದ, ತೆರಿಗೆ, ಸಂಸತ್ತಿನ ಚರ್ಚೆ ಎಂದು ಅರ್ಧ ಚಿತ್ರ ಪೌರನೀತಿ ಪಾಠದಂತಿದೆ. ನನಗೆ ಅದು ದೋಷವಾಗಿ ಕಾಣಲಿಲ್ಲ ಎಂದರೆ ಓದುಗರು ನಗಬಾರದು. ಆದರೆ ಇದರ ಅಂತಿಮ ಕಾಳಗದ ಸಂಗೀತವನ್ನು ನಮ್ಮವರು ಕಿವಿಗೊಟ್ಟು ಕೇಳಬೇಕು. ಸಂಗೀತಕಾರ ಜಾನ್ ವಿಲಿಯಮ್ಸ್ ಪ್ರಾಚೀನ ವೆಲ್ಶ್ ಕವಿತೆಯೊಂದರ ಸಾಲುಗಳನ್ನು ಸಂಸ್ಕೃತಕ್ಕೆ ಅನುವಾದ ಮಾಡಿಸಿ ಮೇಳಗಾನವಾಗಿ ಹಾಡಿಸಿದ್ದಾರೆ. ಪದಗಳು ಒಡೆದು ಚದುರಿರುವುದರಿಂದ ನಮಗೂ ಅರ್ಥ ಹಿಡಿಯುವುದು ಕಷ್ಟ. ಆದರೂ ಆ ನಾದ ಎಲ್ಲೋ ಕೇಳಿದಂತಿದೆಯಲ್ಲ ಎಂದು ಅನಿಸದಿರದು.

ಏಳನೆಯದು 2015ರ 'ದ ಫೋರ್ಸ್ ಅವೇಕನ್ಸ್'. ಮೊದಲ ಚಿತ್ರದ ಕಥೆಯನ್ನೇ ಹೆಸರು ಬದಲಿಸಿ ಹೇಳಿದಂತಿದೆ. ಪಕ್ಕದವನ ಉತ್ತರ ನೋಡಿ ಅಂದವಾದ ಅಕ್ಷರದಲ್ಲಿ ಬರೆದ ವಿದ್ಯಾರ್ಥಿಗೆ ಎಷ್ಟು ಅಂಕ ಕೊಡಬಹುದೋ ಅಷ್ಟು ಕೊಟ್ಟಿದ್ದೇನೆ.

ಮಧ್ಯದ ಸಾಲು: ಆರರಿಂದ ನಾಲ್ಕು

ಆರನೆಯದು 2016ರ 'ರೋಗ್ ವನ್'. ಶತ್ರುವಿನ ಮಹಾಯುದ್ಧನೌಕೆಯ ನಕ್ಷೆಯನ್ನು ಬಂಡಾಯದ ಗೂಢಚಾರರು ಕದ್ದರೆಂಬ ಮಾತು 1977ರ ಚಿತ್ರದ ಆರಂಭದ ಬರಹದಲ್ಲಿ ಸುಮ್ಮನೆ ಬಂದುಹೋಗುತ್ತದೆ. ಆ ಕದ್ದವರು ಯಾರು ಎಂದು ಕೇಳಿದ ಚಿತ್ರ ಇದು. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಅವರೆಲ್ಲ ಸತ್ತಿರುತ್ತಾರೆ. ಪಠ್ಯಪುಸ್ತಕದ ಒಂದು ಸಾಲಿನ ಹಿಂದೆ ಎಷ್ಟು ಮಂದಿಯ ಬದುಕು ಅಡಗಿರುತ್ತದೆ ಎಂದು ತರಗತಿಯಲ್ಲಿ ಹೇಳಲು ನಾನು ಹೆಣಗುತ್ತಿದ್ದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಈ ಚಿತ್ರವನ್ನೇ ಉದಾಹರಣೆ ಕೊಡುತ್ತಿದ್ದೆ.

ಐದನೆಯದು 'ದ ಲಾಸ್ಟ್ ಜೆಡೈ'. ರಯಾನ್ ಜಾನ್ಸನ್ ನಿರ್ದೇಶನದ 2017ರ ಈ ಚಿತ್ರದಷ್ಟು ಅಭಿಮಾನಿಗಳನ್ನು ಇಬ್ಭಾಗ ಮಾಡಿದ ಚಿತ್ರ ಸರಣಿಯಲ್ಲಿ ಮತ್ತೊಂದಿಲ್ಲ. ನಮ್ಮ ನಾಯಕ ಲ್ಯೂಕ್ ಇಲ್ಲಿ ಮುದುಕ. ತಂಗಿಯ ಮಗನನ್ನೇ ಶಿಷ್ಯನಾಗಿ ಸ್ವೀಕರಿಸಿ, ಅವನು ಕೆಟ್ಟುಹೋಗುತ್ತಿದ್ದಾನೆಂಬ ಭಯದಲ್ಲಿ ಒಂದು ರಾತ್ರಿ, ಒಂದೇ ಒಂದು ಕ್ಷಣ, ಮಲಗಿದ್ದ ಹುಡುಗನ ಮೇಲೆ ಆಯುಧ ಎತ್ತಿದವನು. ಮರುಕ್ಷಣವೇ ನಾಚಿದ. ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟಾಗಿತ್ತು. "ನಮ್ಮ ವೀರನನ್ನು ಹೇಡಿ ಮಾಡಿದರು" ಎಂದು ಸಿಟ್ಟಾದವರು ಅನೇಕರು. ಬೆತ್ತ ಹಿಡಿದು ಅಭ್ಯಾಸವಿದ್ದ ನನ್ನಂಥವನಿಗೆ ಸಿಟ್ಟು ಬರಲಿಲ್ಲ. ಕಲಿಸಿದ್ದನ್ನು ಮಾತ್ರವಲ್ಲ, ಸೋತದ್ದನ್ನೂ ಮುಂದಿನವರಿಗೆ ದಾಟಿಸಬೇಕೆಂದು ವೃದ್ಧ ಯೋಡಾ ಇದರಲ್ಲಿ ಹೇಳುವ ಅರ್ಥದ ಮಾತು ಬಿ.ಎಡ್. ಪಠ್ಯದಲ್ಲಿ ಇರಬೇಕಿತ್ತು.

ನಾಲ್ಕನೆಯದು 2005ರ 'ರಿವೆಂಜ್ ಆಫ್ ದ ಸಿತ್'. ಸಂಭಾಷಣೆ ಇಲ್ಲಿಯೂ ಒರಟೇ. ಆದರೆ ಇತಿಹಾಸದ ಮೇಷ್ಟ್ರಿಗೆ ಇದು ಹಬ್ಬ. ಸಂಸತ್ತಿನಿಂದ ತುರ್ತು ಅಧಿಕಾರ ಪಡೆದ ನಾಯಕನೊಬ್ಬ ಕೊನೆಗೆ ತಾನೇ ಚಕ್ರವರ್ತಿ ಎಂದು ಘೋಷಿಸಿಕೊಳ್ಳುತ್ತಾನೆ. ಸದಸ್ಯರು ಎದ್ದು ಚಪ್ಪಾಳೆ ತಟ್ಟುತ್ತಾರೆ. ಶಾಸನಸಭೆಯ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಜರ್ಮನಿಯ ಶಾಸನಸಭೆಯೇ 1933ರ ಮಾರ್ಚ್ 23ರಂದು ಮತ ಹಾಕಿ ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿತು. "ಸಾರ್, ತಮ್ಮ ಅಧಿಕಾರವನ್ನ ತಾವೇ ಯಾಕೆ ಬಿಟ್ಟುಕೊಟ್ರು?" ಎಂದು ಪ್ರತಿವರ್ಷ ಒಂದಾದರೂ ಮಗು ಕೇಳುತ್ತಿತ್ತು. ಭಯವಾದಾಗ ಜನ ಬಾಗಿಲು ಹಾಕುವವನನ್ನು ಹುಡುಕುತ್ತಾರೆ, ಬೀಗದ ಕೈ ಯಾರ ಬಳಿ ಉಳಿಯುತ್ತದೆಂದು ನೋಡುವುದಿಲ್ಲ ಎಂದು ನಾನು ಹೇಳುತ್ತಿದ್ದೆ. 1975ರ ತುರ್ತು ಪರಿಸ್ಥಿತಿಯ ಕಾಲಕ್ಕೆ ನಾನು ಹೈಸ್ಕೂಲು ಹುಡುಗ. ರೇಡಿಯೋ ಮುಂದೆ ಕುಳಿತ ಹಿರಿಯರು ದನಿ ತಗ್ಗಿಸಿ ಮಾತಾಡುತ್ತಿದ್ದುದು ನೆನಪಿದೆ. ಅಮೆರಿಕದ ವಿಯೆಟ್ನಾಂ ಯುದ್ಧ ಮತ್ತು ಅಧ್ಯಕ್ಷ ನಿಕ್ಸನ್ ಅವರ ಕಾಲವೇ ತಮ್ಮ ಕಥೆಯ ಬೀಜವೆಂದು ಲ್ಯೂಕಸ್ ಹೇಳಿಕೊಂಡಿದ್ದಾರೆ.

ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಕೊನೆ. ಲಾವಾರಸ ಹರಿಯುವ ಗ್ರಹದಲ್ಲಿ ಗುರು ಶಿಷ್ಯರ ಕಾಳಗ. ಹಿನ್ನೆಲೆಯಲ್ಲಿ ಇಟಲಿಯ ಎಟ್ನಾ ಜ್ವಾಲಾಮುಖಿಯ ನೈಜ ದೃಶ್ಯಗಳನ್ನೂ ಬೆರೆಸಿದ್ದಾರೆ. ಸುಟ್ಟು ಬಿದ್ದ ಶಿಷ್ಯನನ್ನು ನೋಡಿ ಒಬಿ-ವಾನ್ ಗೋಳಾಡುತ್ತಾನೆ, ಆಮೇಲೆ ಅವನ ಆಯುಧವನ್ನು ಎತ್ತಿಕೊಂಡು ಹೊರಟುಹೋಗುತ್ತಾನೆ. ಅಳುವ ಗುರು ಹಿಂತಿರುಗಿ ಹೋಗಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೂರನೆಯದು: 'ಸ್ಟಾರ್ ವಾರ್ಸ್', 1977

1977ರ ಮೇ 25ರಂದು ಅಮೆರಿಕದ ಕೇವಲ 32 ಚಿತ್ರಮಂದಿರಗಳಲ್ಲಿ ಈ ಚಿತ್ರ ತೆರೆಕಂಡಿತು. ಖರ್ಚು ಸುಮಾರು 1 ಕೋಟಿ 10 ಲಕ್ಷ ಡಾಲರ್. ಚಿತ್ರಮಂದಿರದವರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಅವರು ಆಸೆಪಡುತ್ತಿದ್ದ ಬೇರೊಂದು ಚಿತ್ರದ ಜೊತೆ ಇದನ್ನೂ ತೆಗೆದುಕೊಳ್ಳಬೇಕೆಂದು ಫಾಕ್ಸ್ ಸಂಸ್ಥೆ ಪಟ್ಟು ಹಿಡಿಯಬೇಕಾಯಿತು. ಟ್ಯುನೀಷಿಯಾದ ಮರಳುಗಾಡಿನಲ್ಲಿ ಚಿತ್ರೀಕರಣಕ್ಕೆ ಇಳಿದರೆ ಅಪರೂಪದ ಮಳೆಗಾಳಿ ಬಂದು ಸೆಟ್ಟುಗಳು ಹಾಳಾದವು. ಬೇಕಾದ ತಾಂತ್ರಿಕ ಚಮತ್ಕಾರ ಮಾಡಬಲ್ಲ ಸಂಸ್ಥೆ ಇಲ್ಲವೆಂದು ಲ್ಯೂಕಸ್ 1975ರಲ್ಲಿ ತಾವೇ ಒಂದನ್ನು ಕಟ್ಟಿದ್ದರು. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಶತ್ರು ವಿಮಾನಗಳ ಚೀತ್ಕಾರಕ್ಕೆ ಆನೆಯ ಘೀಳನ್ನೂ, ಒದ್ದೆ ರಸ್ತೆಯ ಮೇಲೆ ಓಡುವ ಕಾರಿನ ಸದ್ದನ್ನೂ ಬೆರೆಸಿದರು. ವೇಡರನ ಭೀಕರ ಉಸಿರಾಟ ನೀರಿನಡಿ ಈಜುವವರ ಉಸಿರಾಟದ ಸಾಧನದ ಸದ್ದು. ಪಾಲ್ ಹರ್ಷ್, ಮಾರ್ಸಿಯಾ ಲ್ಯೂಕಸ್, ರಿಚರ್ಡ್ ಚ್ಯೂ ಸಂಕಲನದಲ್ಲಿ ಚಿತ್ರಕ್ಕೆ ಜೀವ ಬಂತು. ಮರುವರ್ಷ ಆಸ್ಕರ್ ಸಮಾರಂಭದಲ್ಲಿ ಸಂಕಲನವೂ ಸೇರಿ ಆರು ಪ್ರಶಸ್ತಿಗಳೂ, ಬರ್ಟ್ ಅವರಿಗೆ ಒಂದು ವಿಶೇಷ ಪ್ರಶಸ್ತಿಯೂ ಬಂದವು.

ನಿರ್ದೇಶನದ ಸಂಭಾವನೆ ಹೆಚ್ಚಿಸಿಕೊಳ್ಳುವ ಬದಲು ಲ್ಯೂಕಸ್ ಮುಂದಿನ ಭಾಗಗಳ ಮತ್ತು ಆಟಿಕೆಗಳ ಹಕ್ಕನ್ನು ಉಳಿಸಿಕೊಂಡರು. ಅದೇ ಅವರ ಭಾಗ್ಯದ ಬಾಗಿಲಾಯಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬೊಂಬೆಗಳು ಸಿದ್ಧವಿರದೆ, ಮುಂದೆ ಕಳಿಸುತ್ತೇವೆಂಬ ಭರವಸೆಯ ಚೀಟಿಯಿಟ್ಟ ಖಾಲಿ ಪೆಟ್ಟಿಗೆಯನ್ನೇ ಆಟಿಕೆ ಕಂಪನಿ ಮಾರಿತಂತೆ. ಮಕ್ಕಳು ಅದನ್ನೂ ಕೊಂಡರು!

ಈ ಚಿತ್ರದ ಗುರು ಒಬಿ-ವಾನ್ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದ ಬ್ರಿಟಿಷ್ ನಟ ಅಲೆಕ್ ಗಿನ್ನೆಸ್ ಅವರಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಡೇವಿಡ್ ಲೀನ್ ನಿರ್ದೇಶಿಸಿ 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಲ್ಲಿ ಪ್ರೊಫೆಸರ್ ಗೋಡಬೋಲೆಯಾಗಿ ನಟಿಸಿದವರು ಅವರೇ. ಅದರ ಚಿತ್ರೀಕರಣ ಬೆಂಗಳೂರಿನಲ್ಲೂ, ಗುಹೆಯ ಸನ್ನಿವೇಶಗಳು ಸಾವನದುರ್ಗ ಹಾಗೂ ರಾಮನಗರದ ಬಂಡೆಗಳಲ್ಲೂ ನಡೆದವು. ಕುರೊಸಾವಾ ಅವರ ಮತ್ತೊಂದು ಚಿತ್ರ 'ಸೆವೆನ್ ಸಮುರಾಯ್' ನೆರಳಿನಲ್ಲಿ ಹುಟ್ಟಿದ 'ಶೋಲೆ'ಗೂ ಅದೇ ರಾಮನಗರದ ಬೆಟ್ಟಗಳೇ ಆಸರೆ. ಲೋಕ ಎಷ್ಟು ಚಿಕ್ಕದು!

ಇಷ್ಟೆಲ್ಲ ಇದ್ದೂ ಮೂರನೆಯ ಸ್ಥಾನವೇಕೆ? ಇದರಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಒಳ್ಳೆಯವರು ಒಳ್ಳೆಯವರು, ಕೆಟ್ಟವರು ಕೆಟ್ಟವರು. ಹದಿನಾಲ್ಕರ ವಯಸ್ಸಿಗೆ ಇದು ನೂರಕ್ಕೆ ನೂರು.

ಎರಡನೆಯದು: 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್', 1980

ಶ್ರೇಷ್ಠತೆಯ ಲೆಕ್ಕದಲ್ಲಿ ಇದೇ ಮೊದಲು, ಅದರಲ್ಲಿ ನನಗೂ ವಿಮರ್ಶಕರಿಗೂ ಜಗಳವಿಲ್ಲ. ಲ್ಯೂಕಸ್ ತಮ್ಮ ಹಣವನ್ನೂ ಬ್ಯಾಂಕಿನ ಸಾಲವನ್ನೂ ಸುರಿದು, ನಿರ್ದೇಶನವನ್ನು ಇರ್ವಿನ್ ಕರ್ಷನರ್ ಅವರಿಗೆ ಒಪ್ಪಿಸಿದರು. ಕರ್ಷನರ್ ಅವರು ಲ್ಯೂಕಸ್ ಓದಿದ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗದಲ್ಲಿ ಪಾಠ ಹೇಳಿದ್ದವರು. ಶಿಷ್ಯ ತನ್ನ ಕಥೆಯನ್ನು ಗುರುವಿನ ಕೈಗಿಟ್ಟಂತಾಯಿತು. ನಾರ್ವೆಯ ಫಿನ್ಸೆಯಲ್ಲಿ ಹಿಮಬಿರುಗಾಳಿಗೆ ಹೊರಗೆ ಹೋಗಲಾರದೆ, ತಂಗಿದ್ದ ಹೋಟೆಲಿನ ಬಾಗಿಲಿನಲ್ಲೇ ಕ್ಯಾಮೆರಾ ಇಟ್ಟು ಒಂದು ದೃಶ್ಯವನ್ನು ತೆಗೆದರು. ಫ್ರಾಂಕ್ ಆಜ್ ಕೈಚಳಕದ ಒಂದು ಬೊಂಬೆ, ಯೋಡಾ, ನಟರನ್ನೆಲ್ಲ ಮೀರಿಸಿತು.

ವೇಡರ್ ತನ್ನ ತಂದೆ ಎಂದು ಲ್ಯೂಕನಿಗೆ ತಿಳಿಯುವ ಪ್ರಸಂಗವನ್ನು ಕಾಪಾಡಿದ ಬಗೆ ಸ್ವಾರಸ್ಯಕರ. ವೇಡರನ ವೇಷ ತೊಟ್ಟಿದ್ದ ಡೇವಿಡ್ ಪ್ರೌಸ್ ಅವರಿಗೆ ಚಿತ್ರೀಕರಣದಲ್ಲಿ ಬೇರೆಯೇ ಮಾತು ಕೊಟ್ಟಿದ್ದರು. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್ ಅವರಿಗೆ ನಿಜ ತಿಳಿಸಿದ್ದು ಸ್ವಲ್ಪ ಮುಂಚೆ. ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಕಂಠದಲ್ಲಿ ನಿಜವಾದ ಮಾತನ್ನು ಸೇರಿಸಲಾಯಿತು.

ಆ ಕ್ಷಣದಲ್ಲಿ ಲ್ಯೂಕನಿಗೆ ತಂದೆ ಯಾರೆಂದು ಮಾತ್ರವಲ್ಲ, ಗುರು ಸುಳ್ಳು ಹೇಳಿದ್ದನೆಂದೂ ತಿಳಿಯುತ್ತದೆ. ನಿನ್ನ ತಂದೆಯನ್ನು ವೇಡರ್ ಕೊಂದ ಎಂದು ಒಬಿ-ವಾನ್ ಹೇಳಿದ್ದ. ಭಾರತಕ್ಕೆ ಜಲಮಾರ್ಗವನ್ನು 1498ರಲ್ಲಿ ವಾಸ್ಕೋ ಡ ಗಾಮ ಕಂಡುಹಿಡಿದ ಎಂದು ನಾನೂ ವರ್ಷಗಟ್ಟಲೆ ಹೇಳಿಕೊಟ್ಟೆ. ಆಫ್ರಿಕಾದ ಮಾಲಿಂದಿಯಿಂದ ಅವನ ಹಡಗಿಗೆ ದಾರಿ ತೋರಿದ ನಾವಿಕನಿಗೆ ಆ ಸಮುದ್ರ ಮೊದಲೇ ಗೊತ್ತಿತ್ತೆಂಬುದನ್ನು ಪೋರ್ಷನ್ ಮುಗಿಸುವ ಅವಸರದಲ್ಲಿ ಬಿಟ್ಟುಬಿಡುತ್ತಿದ್ದೆ. ಗುರುಗಳ ಅರ್ಧಸತ್ಯಕ್ಕೆ ಶಿಷ್ಯರು ಒಂದಲ್ಲ ಒಂದು ದಿನ ಬೆಲೆ ತೆರುತ್ತಾರೆ.

ಮೊದಲನೆಯದು: 'ರಿಟರ್ನ್ ಆಫ್ ದ ಜೆಡೈ', 1983

ಮೊಮ್ಮಗ ನಕ್ಕದ್ದು ಇದಕ್ಕೇ. ರಿಚರ್ಡ್ ಮಾರ್ಕ್ವಾಂಡ್ ನಿರ್ದೇಶಿಸಿದ ಈ ಚಿತ್ರದ ದೋಷಗಳನ್ನು ನಾನೇ ಎಣಿಸಬಲ್ಲೆ. ಮೊದಲ ಚಿತ್ರದ ಯುದ್ಧನೌಕೆಯೇ ಮತ್ತೆ ಬಂದಿದೆ. ಕರಡಿ ಮರಿಗಳಂಥ ಇವೋಕ್ ಎಂಬ ಕಾಡುಜನರು ಕಲ್ಲು, ಮರದ ದಿಮ್ಮಿಗಳಿಂದ ಸಾಮ್ರಾಜ್ಯದ ಸೇನೆಯನ್ನು ಸೋಲಿಸುತ್ತಾರೆ. ಅದರ ಹಿಂದೆ ವಿಯೆಟ್ನಾಂ ಯುದ್ಧದ ನೆನಪಿದೆಯೆಂದು ತಿಳಿದರೂ ಕಣ್ಣಿಗೆ ಅದು ಆಟಿಕೆ ಅಂಗಡಿಯಂತೆಯೇ ಕಾಣುತ್ತದೆ. ಮೊದಲು ಇದಕ್ಕೆ 'ಜೆಡೈಗಳ ಸೇಡು' ಎಂಬ ಅರ್ಥದ ಹೆಸರಿಟ್ಟು ಭಿತ್ತಿಪತ್ರಗಳನ್ನೂ ಅಚ್ಚುಹಾಕಿಸಿದ್ದರು. ಜೆಡೈ ಆದವನು ಸೇಡು ತೀರಿಸಿಕೊಳ್ಳುವವನಲ್ಲ ಎಂದು ಕೊನೆಗೆ 'ಮರಳುವಿಕೆ' ಎಂದು ಬದಲಿಸಿದರು. ಆ ಒಂದು ಪದದ ತಿದ್ದುಪಡಿಯಲ್ಲೇ ಚಿತ್ರದ ಸಾರವಿದೆ.

ಇನ್ನೊಂದು ತಿದ್ದುಪಡಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಹಳೆಯ ಚಿತ್ರಗಳನ್ನು ತಿರುಚಬಾರದೆಂದು 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ನುಡಿದ ಲ್ಯೂಕಸ್ ಅವರೇ 1997ರಲ್ಲಿ, ಮತ್ತೆ 2004ರಲ್ಲಿ ತಮ್ಮ ಹಳೆಯ ಚಿತ್ರಗಳನ್ನು ತಿದ್ದಿದರು. ಈ ಚಿತ್ರದ ಕೊನೆಯಲ್ಲಿ ಆತ್ಮರೂಪವಾಗಿ ನಿಲ್ಲುವ ಅನಾಕಿನ್ ಪಾತ್ರದಲ್ಲಿ ವೃದ್ಧ ನಟ ಸೆಬಾಸ್ಟಿಯನ್ ಶಾ ಅವರನ್ನು ಅಳಿಸಿ, ಪೂರ್ವಕಥೆಯ ಯುವನಟನನ್ನು ತಂದು ನಿಲ್ಲಿಸಿದರು. ದಾಖಲೆ ತಿದ್ದುವುದು ಇತಿಹಾಸದ ಮೇಷ್ಟ್ರಿಗೆ ಸಹ್ಯವಲ್ಲ.

ಈಗ ಶನಿವಾರದ ಕಥೆಗೆ ಬರುತ್ತೇನೆ. 1988ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಸಾಧಾರಣ, ಕಥೆ ಕೇಳುವುದರಲ್ಲಿ ಎಲ್ಲರಿಗಿಂತ ಮುಂದು. ಮುಖವಾಡದವನೇ ಹುಡುಗನ ತಂದೆ ಎಂದು ಹೇಳಿ ನಿಲ್ಲಿಸಿದ ಶನಿವಾರ ಇಡೀ ತರಗತಿ ಹೋ ಎಂದಿತ್ತು. ಆಮೇಲೆ ಪರೀಕ್ಷೆ ಹತ್ತಿರವಾಗಿ ನಾಲ್ಕಾರು ವಾರ ಕಥೆ ನಿಂತಿತು. ಅಷ್ಟರಲ್ಲಿ ಆ ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ. ತಂದೆ ತೀರಿಕೊಂಡರಂತೆ ಎಂದು ಯಾರೋ ಮಕ್ಕಳು ಹೇಳಿದರು. ಅವನ ಮನೆ ಎರಡು ಮೈಲಿ ದೂರ. ನನ್ನ ಬಳಿ ಸೈಕಲ್ಲಿತ್ತು. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ ಎಂದುಕೊಂಡೆ, ಹೋಗಲಿಲ್ಲ. ನಿಯಮದಂತೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಮೂವತ್ತು ವರ್ಷಗಳಲ್ಲಿ ಅಂಥ ಗೆರೆಗಳನ್ನು ಎಷ್ಟು ಎಳೆದಿದ್ದೇನೋ ಲೆಕ್ಕವಿಲ್ಲ.

ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ, ಆ ಸೀಮೆಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಸ್ಕೂಟರಿನ ಚಕ್ರ ಪಂಕ್ಚರಾಯಿತು. ತಳ್ಳಿಕೊಂಡು ರಸ್ತೆ ಬದಿಯ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖವನ್ನೇ ನೋಡಿ, ಕೈ ಒರೆಸಿಕೊಂಡು, "ಸಾರ್, ನಮಸ್ಕಾರ. ನನ್ನ ಗುರುತು ಸಿಗಲಿಲ್ಲ ಅಲ್ಲವೇ?" ಎಂದ. ಹೆಸರು ಹೇಳಿದಾಗ ನೆನಪಾಯಿತು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ, ತಲೆ ಎತ್ತದೆಯೇ ಕೇಳಿದ: "ಸಾರ್, ನೀವು ಒಂದು ಕಥೆ ಹೇಳ್ತಿದ್ದಿರಿ. ಆ ಕರೀ ಮುಖವಾಡದೋನು ಕೊನೆಗೆ ಏನಾದ? ನಾನು ಸ್ಕೂಲು ಬಿಟ್ಟಾಗ ನೀವಿನ್ನೂ ಮುಗಿಸಿರಲಿಲ್ಲ."

ನಾನು ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕುಳಿತು ಉಳಿದ ಕಥೆ ಹೇಳಿದೆ. ಒಬಿ-ವಾನ್ ಮತ್ತು ಯೋಡಾ ಇಬ್ಬರೂ, ನಿನ್ನ ತಂದೆ ಇನ್ನು ಮನುಷ್ಯನಲ್ಲ, ಅವನನ್ನು ಎದುರಿಸಿ ಮುಗಿಸಲೇಬೇಕೆಂದು ಲ್ಯೂಕನಿಗೆ ಹೇಳಿದ್ದು. ಇಲ್ಲ, ಅವನಲ್ಲಿ ಇನ್ನೂ ಒಳ್ಳೆಯತನ ಉಳಿದಿದೆ ಎಂದು ಹುಡುಗ ಹಟ ಹಿಡಿದದ್ದು. ಚಕ್ರವರ್ತಿಯ ಎದುರು ಗೆಲ್ಲುವ ಹೊತ್ತಿಗೆ ತಂದೆಯನ್ನು ಕೊಲ್ಲಲಾರೆನೆಂದು ಆಯುಧವನ್ನೇ ಎಸೆದದ್ದು. ಚಕ್ರವರ್ತಿ ಮಗನನ್ನು ಸಾಯಬಡಿಯುತ್ತಿರುವುದನ್ನು ನೋಡಲಾರದೆ ತಂದೆ ಅವನನ್ನು ಎತ್ತಿ ಪಾತಾಳಕ್ಕೆ ಎಸೆದದ್ದು. ಸಾಯುವಾಗ ಮುಖವಾಡ ತೆಗೆಸಿ ಮಗನನ್ನು ತನ್ನ ಕಣ್ಣಿನಿಂದಲೇ ನೋಡಿದ್ದು. ರಾತ್ರಿ ಕಾಡಿನಲ್ಲಿ ಲ್ಯೂಕ್ ಒಬ್ಬನೇ ಚಿತೆ ಒಟ್ಟಿ ಬೆಂಕಿ ಇಟ್ಟದ್ದು.

"ಮಗನೇ ಕೊಳ್ಳಿ ಇಟ್ಟನಾ ಸಾರ್?" ಎಂದ.

"ಹೌದಪ್ಪಾ."

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, "ನಾನೂ ಆ ವರ್ಷವೇ ಇಟ್ಟಿದ್ದು" ಎಂದು ಹೇಳಿ, ತೇಪೆ ಹಚ್ಚಿ, ಗಾಳಿ ತುಂಬಿ, ಚಕ್ರ ಜೋಡಿಸಿಕೊಟ್ಟ. ಎಷ್ಟು ಹೇಳಿದರೂ ಹಣ ತೆಗೆದುಕೊಳ್ಳಲಿಲ್ಲ. ನಾನು ಅವನ ಮನೆಗೆ ಬರಲಿಲ್ಲವೆಂದು ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಆ ದಿನದವರೆಗೆ 'ರಿಟರ್ನ್ ಆಫ್ ದ ಜೆಡೈ' ನನ್ನ ಪಟ್ಟಿಯಲ್ಲಿ ಕೆಳಗೇ ಇತ್ತು. ಮದುವೆಯಿಂದ ಮನೆಗೆ ಬಂದು ಆ ರಾತ್ರಿ ಮತ್ತೆ ನೋಡಿದೆ. ಲೋಕದ ಶ್ರೇಷ್ಠ ಗುರುಗಳೆನಿಸಿಕೊಂಡ ಇಬ್ಬರೂ ಹಾಜರಿ ಪುಸ್ತಕದಲ್ಲಿ ಅನಾಕಿನ್ ಹೆಸರಿಗೆ ಕೆಂಪು ಗೆರೆ ಎಳೆದು ಕುಳಿತಿದ್ದಾರೆ. ಗೆರೆಯನ್ನು ಒಪ್ಪದೆ ಅವನನ್ನು ಕರೆತರಲು ಹೋದವನು ಶಿಷ್ಯ. ಕಲಿಸಿದವರು ಬಿಟ್ಟುಬಂದ ಕಡೆಗೆ ಕಲಿಯುವವನು ಹೋದ.

ಆದ್ದರಿಂದ ಮೊಮ್ಮಗನೇ, ತಾತನ ಪಟ್ಟಿಯಲ್ಲಿ ಇದೇ ಫಸ್ಟ್. ನಿನ್ನ ಪಟ್ಟಿ ನಿನಗೆ, ಅದರಲ್ಲಿ ತಪ್ಪಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಮತ್ತೊಮ್ಮೆ ಬರೆದು ನೋಡು. ಓದುಗ ಬಂಧುಗಳೂ ತಮ್ಮ ತಮ್ಮ ಅಂಕಪಟ್ಟಿಯನ್ನು ತಿಳಿಸಿದರೆ ಸಂತೋಷ. ಬೆತ್ತ ಎಂದೋ ಅಟ್ಟ ಸೇರಿದೆ, ಹೆದರಬೇಕಾಗಿಲ್ಲ.